ನೇಸರನಾಡಿನ ಪಟ್ಟ

ಮೂರು ವರ್ಷಗಳಿಂದ ನಾನು ಬರೆಯುತ್ತಿರುವ ಕಾದಂಬರಿ ನೇಸರನಾಡು ಎಂಬ ಕಲ್ಪಿತ ರಾಜ್ಯದಲ್ಲಿ ನಡೆಯುತ್ತದೆ. ಆ ರಾಜ್ಯದ ಕಿರೀಟಕ್ಕೆ ಮೊದಲ ಕರಡಿನಲ್ಲಿ ನಾನು ಕೊಟ್ಟಿದ್ದ ಚರಿತ್ರೆ ಒಂದೇ ಪುಟದ್ದು: ಅಪ್ಪಟ ಚಿನ್ನ, ನಡುವೆ ಮಾಣಿಕ್ಯ, ತೊಟ್ಟವನಿಗೆ ಬೆಂಕಿಯನ್ನು ಆಳುವ ಶಕ್ತಿ. ಅದನ್ನು ಓದಿದ ಗೆಳತಿಯೊಬ್ಬರು, ಈ ಕಿರೀಟ ಯಾವ ಊರಿನದಾದರೂ ಆಗಬಹುದಲ್ಲ ಎಂದು ಕೇಳಿದರು. ಕೋಲಾರದಲ್ಲಿ ಹುಟ್ಟಿ ಬೆಳೆದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ; ಆ ಪುಟವನ್ನು ಹರಿದುಹಾಕಿ ಮತ್ತೆ ಮೊದಲಿನಿಂದ ಆರಂಭಿಸಿದೆ.

ಉತ್ತರ ಸಿಕ್ಕಿದ್ದು ನಮ್ಮೂರಿನ ಹಳೆಯ ಹೆಸರಿನಲ್ಲಿ. ಕೋಲಾರ ಒಂದು ಕಾಲಕ್ಕೆ ಕುವಲಾಲವಾಗಿತ್ತು, ಗಂಗರ ಮೊದಲ ರಾಜಧಾನಿಯಾಗಿತ್ತು. ಗಂಗರ ಮೂಲವನ್ನು ಹೇಳುವ ಶಿವಮೊಗ್ಗ ಸೀಮೆಯ 12ನೆಯ ಶತಮಾನದ ಶಾಸನಗಳಲ್ಲಿ ಒಂದು ಐತಿಹ್ಯವಿದೆ: ದಡಿಗ ಮತ್ತು ಮಾಧವ ಎಂಬ ಇಬ್ಬರು ಅಣ್ಣತಮ್ಮಂದಿರು ರಾಜ್ಯವನ್ನರಸಿ ಬಂದಾಗ ಜೈನ ಗುರು ಸಿಂಹನಂದಿ ಆಚಾರ್ಯರು ಕರ್ಣಿಕಾರದ ಹೂವಿನ ಎಸಳುಗಳಿಂದ ಪಟ್ಟವನ್ನು ಮಾಡಿ ಅವರ ತಲೆಗೆ ಕಟ್ಟಿದರು, ತಮ್ಮ ನವಿಲುಗರಿಯ ಕುಂಚವನ್ನೇ ಧ್ವಜವಾಗಿ ಕೊಟ್ಟರು, ನಂದಗಿರಿಯನ್ನು ಕೋಟೆಯಾಗಿಯೂ ಕುವಲಾಲವನ್ನು ನಗರವಾಗಿಯೂ ಅನುಗ್ರಹಿಸಿದರು. ಮುಂದೆ ಚಿನ್ನದ ಗಣಿಗಳಿಂದ ಲೋಕಪ್ರಸಿದ್ಧವಾದ ಈ ಸೀಮೆಯ ಕಥೆಯಲ್ಲಿ ಮೊದಲ ಅರಸರ ತಲೆಯ ಮೇಲೆ ಇದ್ದುದು ಹೂವಿನ ಎಸಳು. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಪಟ್ಟ ಎಂಬ ಮಾತನ್ನೇ ನೋಡಿ. ಪಟ್ಟವೆಂದರೆ ಮೂಲದಲ್ಲಿ ಹಣೆಗೆ ಕಟ್ಟುವ ಪಟ್ಟಿ. ಅರಸನಿಗೆ ಪಟ್ಟ ಕಟ್ಟಿದರು ಎಂದು ನಾವು ಇಂದಿಗೂ ಹೇಳುತ್ತೇವೆ. ಪಟ್ಟದ ರಾಣಿ, ಪಟ್ಟದ ಆನೆ, ಪಟ್ಟಾಭಿಷೇಕ ಎಂಬ ಮಾತುಗಳೆಲ್ಲ ಆ ಪಟ್ಟಿಯ ಸಂತಾನವೇ. ಕಿರೀಟವನ್ನು ಒಬ್ಬನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳಬಹುದು. ಪಟ್ಟದ ಗಂಟು ಬೀಳುವುದು ತಲೆಯ ಹಿಂದೆ, ಅದನ್ನು ಕಟ್ಟಲು ಇನ್ನೊಬ್ಬರ ಕೈ ಬೇಕು.

ಕರ್ಣಿಕಾರವನ್ನು ಕೆಲವರು ಕಕ್ಕೆ ಎನ್ನುತ್ತಾರೆ, ಕೆಲವರು ಬೇರೆ ಮರ ಎನ್ನುತ್ತಾರೆ. ನಾನು ಕಕ್ಕೆಯನ್ನೇ ಆರಿಸಿಕೊಂಡೆ, ಏಕೆಂದರೆ ಬೇಸಿಗೆಯಲ್ಲಿ ಎಲೆಯುದುರಿದ ಕೊಂಬೆಗಳಿಂದ ಹಳದಿ ಗೊಂಚಲುಗಳು ಇಳಿಬಿದ್ದಿರುವ ಆ ಮರಗಳು ನನಗೆ ಚಿಕ್ಕಂದಿನಿಂದ ಪರಿಚಿತ. ಕಳೆದ ಮೇ ತಿಂಗಳಲ್ಲಿ ಅಂತರಗಂಗೆಯ ದಾರಿಯಲ್ಲಿ ಉದುರಿದ್ದ ಎಸಳುಗಳನ್ನು ಆಯ್ದು ತಂದು ಬಾಳೆನಾರಿನಲ್ಲಿ ಪೋಣಿಸಿದೆ. ಬೆಳಗ್ಗೆ ಹೊಳೆಯುತ್ತಿದ್ದ ಪಟ್ಟಿ ಸಂಜೆಯ ಹೊತ್ತಿಗೆ ಮುದುಡಿ ಕಂದು ಬಣ್ಣಕ್ಕೆ ತಿರುಗಿತ್ತು. ನೇಸರನಾಡಿನ ಮೊದಲ ಕಟ್ಟಳೆ ಹುಟ್ಟಿದ್ದು ಆ ಸಂಜೆ: ಹೂವು ಬಾಡುವುದರಿಂದ ಪಟ್ಟವನ್ನು ಪ್ರತಿ ಬೇಸಿಗೆಯಲ್ಲಿ ಹೊಸದಾಗಿ ಕಟ್ಟಬೇಕು, ಹನ್ನೆರಡು ಊರುಗಳ ಹಿರಿಯರು ಒಂದೊಂದು ಎಸಳು ತರಬೇಕು, ಯಾವುದಾದರೂ ಊರು ಎಸಳು ತರದೆ ಹೋದರೆ ಅದಕ್ಕೆ ಕಾರಣವನ್ನು ಅರಸನೇ ಆ ಊರಿಗೆ ಹೋಗಿ ಕೇಳಬೇಕು. ನೇಸರನಾಡಿನ ಮೊದಲ ಅರಸಿ ಕೆರೆ ಕಟ್ಟಿಸಿದ ಹೆಂಗಸು. ಕೆರೆಗಳನ್ನೇ ನಂಬಿ ಬದುಕಿದ ಈ ಜಿಲ್ಲೆಯವನಾದ ನನಗೆ ಬೇರೆ ಬಗೆಯ ಅರಸಿಯನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ.

ಅವಳ ಮೊಮ್ಮಗನಿಗೆ ಬಾಡದ ಹೂವು ಬೇಕೆನ್ನಿಸುತ್ತದೆ. ಅವನು ಹನ್ನೆರಡು ಎಸಳುಗಳನ್ನೂ ಚಿನ್ನದಲ್ಲಿ ಮಾಡಿಸುತ್ತಾನೆ. ಈ ಅಧ್ಯಾಯವನ್ನು ಬರೆಯುವಾಗ ಚಿನ್ನವೆಂಬ ಒಂದು ಪದದಲ್ಲಿ ಮುಗಿಸಿ ಮುಂದೆ ಹೋಗುವುದು ನನ್ನಿಂದ ಸಾಧ್ಯವಾಗಲಿಲ್ಲ, ಏಕೆಂದರೆ ನಮ್ಮ ಜಿಲ್ಲೆಯವರಿಗೆ ಚಿನ್ನ ಎಲ್ಲಿಂದ ಬರುತ್ತದೆಂದು ಗೊತ್ತು. ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಸುಡುತ್ತಿತ್ತು, ಒತ್ತಡಕ್ಕೆ ಸಿಡಿದು ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು; ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ದಿಬ್ಬಗಳು ಮಾತ್ರ ಇನ್ನೂ ಹಾಗೆಯೇ ನಿಂತಿವೆ. ಒಂದು ಟನ್ ಅದಿರಿನಿಂದ ಐದು ಗ್ರಾಂ ಚಿನ್ನ ಸಿಗುತ್ತದೆ ಎಂದು ಇಟ್ಟುಕೊಂಡರೂ ಎರಡು ಕಿಲೋ ತೂಕದ ಕಿರೀಟಕ್ಕೆ ನಾನೂರು ಟನ್ ಬೆಣಚುಕಲ್ಲನ್ನು ಒಡೆಯಬೇಕು. ಆದ್ದರಿಂದ ನನ್ನ ಕಥೆಯಲ್ಲಿ ಆ ಕಿರೀಟದೊಂದಿಗೆ ಒಂದು ದಿಬ್ಬವೂ ಬೆಳೆಯುತ್ತದೆ. ಅರಮನೆಯ ಕಿಟಕಿಯಿಂದ ಅದು ಕಾಣಿಸುತ್ತದೆ, ಗಾಳಿ ಬೀಸಿದಾಗ ಅದರ ದೂಳು ಅರಸನ ಊಟದ ತಟ್ಟೆಗೂ ಬರುತ್ತದೆ. ಹಿರಿಯರು ಎಸಳು ತರುವ ಕಟ್ಟಳೆ ಅವನ ಕಾಲಕ್ಕೇ ನಿಂತುಹೋಗುತ್ತದೆ.

ಮುಂದಿನ ನೂರು ವರ್ಷಗಳ ಯುದ್ಧಗಳನ್ನು ಎರಡು ಪುಟಗಳಲ್ಲಿ ದಾಟಿದ್ದೇನೆ. ನನಗೆ ಮುಖ್ಯವಾದುದು ಬರಗಾಲ. ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಹಿಂಡಿದ ಕ್ಷಾಮವನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರವೆಂದು ಜನ ನೆನಪಿಟ್ಟುಕೊಂಡಿದ್ದರು. ನೇಸರನಾಡಿನ ಬರದಲ್ಲಿ ಅರಸಿಯೊಬ್ಬಳು ಕಿರೀಟದಿಂದ ಮೂರು ಎಸಳುಗಳನ್ನು ಕಿತ್ತು ಮಾರಿ ನೆರೆನಾಡಿನಿಂದ ರಾಗಿ ತರಿಸುತ್ತಾಳೆ, ಆ ಖಾಲಿ ಜಾಗಗಳನ್ನು ಮುಂದೆ ಯಾರೂ ತುಂಬಬಾರದೆಂದು ಆಣೆ ಇಡುತ್ತಾಳೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಮೇಲುಕೋಟೆಯ ವೈರಮುಡಿಯ ಕಥೆ. ವಿರೋಚನನೆಂಬ ಅಸುರ ಕದ್ದೊಯ್ದ ವಿಷ್ಣುವಿನ ಆ ಕಿರೀಟವನ್ನು ಗರುಡ ಮರಳಿ ತರುವಾಗ ಅದರ ನೀಲಮಣಿ ಕಳಚಿ ತಮಿಳುನಾಡಿನ ನಾಚಿಯಾರ್‌ಕೋಯಿಲ್ ಬಳಿ ಬಿದ್ದು ಮಣಿಮುತ್ತಾರು ಎಂಬ ನದಿಯಾಯಿತೆಂದು ಪುರಾಣ ಹೇಳುತ್ತದೆ. ವೈರಮುಡಿಯ ಉತ್ಸವಕ್ಕೆ ಹೋದಾಗಲೆಲ್ಲ ಕಿರೀಟದ ಹೊಳಪಿಗಿಂತ ಆ ಇಲ್ಲದ ಮಣಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಈಗ ಹಸ್ತಪ್ರತಿಯನ್ನು ಕೊನೆಯ ಸಲ ತಿದ್ದುತ್ತಿದ್ದೇನೆ. ಕಿರೀಟ ತೊಡಿಸಿದರು ಎಂದು ಬರೆದಿದ್ದ ಕಡೆಯಲ್ಲೆಲ್ಲ ಪಟ್ಟ ಕಟ್ಟಿದರು ಎಂದು ಬದಲಾಯಿಸಿದ್ದೇನೆ. ಒಂದು ವಾಕ್ಯ ಮಾತ್ರ ಹಾಗೆಯೇ ಉಳಿದಿದೆ. ಚಿನ್ನದ ಎಸಳುಗಳು ಸಿದ್ಧವಾದ ದಿನ ಹನ್ನೆರಡು ಊರುಗಳ ಹಿರಿಯರು ಕೈಯಲ್ಲಿ ಹೂ ಹಿಡಿದು ಹೊರಗೆ ಕಾಯುತ್ತಿದ್ದಾಗ, ಆ ಮೊಮ್ಮಗ ಒಳಗೆ ಒಬ್ಬನೇ ನಿಂತು ಕಿರೀಟವನ್ನು ತಾನೇ ತೊಟ್ಟುಕೊಂಡ.