ಅಡಿಕೆ ಹಾಳೆ, ಎರಡು ಬಿದಿರು

ರಾತ್ರಿ ಬಸ್ಸು ಆಗುಂಬೆಯಲ್ಲಿ ಇಳಿಸಿದಾಗ ಬೆಳಗಿನ ಐದೂವರೆ, ಜಿಟಿಜಿಟಿ ಮಳೆ. ಚಾರಣಿಗರಿಗೆಂದೇ ಎರಡು ದಿನದ ಪ್ರಥಮ ಚಿಕಿತ್ಸೆ ಶಿಬಿರ, ಊರಾಚೆಯ ತೋಟದ ಮನೆಯೊಂದರಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಕಾಲಿಗೆ ನಾಲ್ಕು ಇಂಬಳ. ಮೊದಲ ಪಾಠ ಅಂಗಳದಲ್ಲೇ ಆಯಿತು: ಎಳೆದು ಕೀಳಬೇಡಿ, ಉಗುರನ್ನು ಅದರ ಬಾಯಿಯ ಅಡಿಗೆ ತೂರಿಸಿ ಬಿಡಿಸಿ.

ಪೇಟೆಯಲ್ಲಾದರೆ 108ಕ್ಕೆ ಫೋನು ಮಾಡಿ ಕಾಯಬಹುದು. ಇಲ್ಲಿ ಸಿಗ್ನಲ್ಲೇ ಇಲ್ಲ, ತೀರ್ಥಹಳ್ಳಿ ಸುಮಾರು 30 ಕಿ.ಮೀ. ಗಾಯಾಳುವಿನ ಜೊತೆ ಗಂಟೆಗಟ್ಟಲೆ ಇರಬೇಕಾದವರು ನಾವೇ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಹೊತ್ತೊಯ್ಯಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾತ್ರ. ಆಗುಂಬೆಗೆ ಹೆಸರು ತಂದ ಕಾಳಿಂಗ ಆ ಪಟ್ಟಿಯಲ್ಲಿಲ್ಲ ಅಂದಾಗ ಎಲ್ಲರೂ ಒಮ್ಮೆ ಕಾಲಡಿ ನೋಡಿಕೊಂಡೆವು.

ಮುರಿದ ಮುಂಗೈಗೆ ಆಸರೆ ಕಟ್ಟುವ ಪಾಠ. ಪೆಟ್ಟಿಗೆಯಲ್ಲಿದ್ದ ಪಟ್ಟಿಗಳು ಸಾಲಲಿಲ್ಲ. ನೋಡುತ್ತ ನಿಂತಿದ್ದ ಯಜಮಾನರು ಅಟ್ಟ ಹತ್ತಿ ಒಣ ಅಡಿಕೆ ಹಾಳೆ ತಂದರು. "ಇದು ಸಾಕಲ್ಲ ಮಾರಾಯ್ರೆ?" ನೀರು ಚಿಮುಕಿಸಿದ ಮೇಲೆ ಹಾಳೆ ಮೆತ್ತಗಾಗಿ ಕೈಯ ಬಾಗಿಗೆ ತಾನೇ ಕೂತಿತು. ಒಳಗೆ ಟವೆಲ್ಲು, ಮೇಲೆ ಪಂಚೆಯ ಸೀಳು. ನಾನು ಹೆಮ್ಮೆಯಿಂದ ಗಂಟು ಬಿಗಿದೆ. ಕಲಿಸುವವರು ಬಂದು ನನ್ನ 'ರೋಗಿ'ಯ ಉಗುರು ಒತ್ತಿ ಬಿಟ್ಟರು. ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕಿತ್ತು; ಬೆಳ್ಳಗೇ ಉಳಿಯಿತು. "ಬೆರಳು ಜುಮ್ ಅಂತಿದೆ" ಅಂದ ಅವನು. ಅಷ್ಟು ಹೊತ್ತು ಸುಮ್ಮನಿದ್ದನಲ್ಲ ಪುಣ್ಯಾತ್ಮ! ಬಿಚ್ಚಿ ಮತ್ತೆ ಕಟ್ಟಿದೆ, ಮೂರು ಸಲ.

ಮರುದಿನ ಸ್ಟ್ರೆಚರ್. ಎರಡು ಬಿದಿರು ಗಳಗಳಿಗೆ ಗುಂಡಿ ಹಾಕಿದ ಅಂಗಿಗಳ ತೋಳು ತೂರಿಸಿದರೆ ಆಯಿತು. ಮಲಗುವ ಪಾಳಿ ನನಗೆ ಬಂತು. ಆರು ಜನ ಹೊತ್ತರೂ ತೋಟದ ಕಾಲುಸಂಕದ ಹತ್ತಿರ ನಾಲ್ಕು ಸಲ ಇಳಿಸಿದರು. ಬೆನ್ನಡಿಯ ಗುಂಡಿಗಳು ಒತ್ತುತ್ತಿದ್ದವು. ಅದಕ್ಕಿಂತ ಹಿಂಸೆಯಾದದ್ದು ಅಡಿಕೆ ಸೋಗೆಯಿಂದ ನೇರ ಕಣ್ಣಿಗೇ ಬೀಳುತ್ತಿದ್ದ ಹನಿ. ಹೊರುವವರ ಕಣ್ಣೆಲ್ಲ ಜಾರುವ ದಾರಿಯ ಮೇಲೆ, ನನ್ನ ಮುಖ ಯಾರಿಗೂ ಕಾಣದು.

ಮಧ್ಯಾಹ್ನ ಹೊರುವ ಪಾಳಿ ನನ್ನದು. ಬಿದಿರು ಹಿಡಿಯುವ ಮೊದಲು ಒಬ್ಬನ ಕೈಗೆ ಕೊಡೆ ಕೊಟ್ಟು, ರೋಗಿಯ ತಲೆ ಹತ್ತಿರ ನಿಲ್ಲಿಸಿದೆ.