ಹೊಲ ಮೇಯ್ದು ಕೆರೆಗೆ ಬರುವ ಹೆಬ್ಬಾತುಗಳು

ಜನವರಿಯ ಒಂದು ಭಾನುವಾರ ನಾವು ಕೆಲವು ಗೆಳೆಯರು ನಸುಕಿನಲ್ಲೇ ಹುಬ್ಬಳ್ಳಿಯಿಂದ ಹೊರಟು, ಲಕ್ಷ್ಮೇಶ್ವರದ ಮೇಲೆ ಹಾಯ್ದು, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತಲುಪಿದಾಗ ನೀರಿನ ಮೇಲೆ ಹಕ್ಕಿಗಳು ಅಷ್ಟಾಗಿ ಇರಲಿಲ್ಲ. ಅವು ಇನ್ನೂ ಹೊಲದಿಂದ ಬಂದಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿಗೆ ಸಾವಿರಾರು ಸಂಖ್ಯೆಯಲ್ಲಿ ವಲಸೆ ಬರುವ ಗೀರುತಲೆಯ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಸಂಜೆ ಮೇವಿಗೆಂದು ಸುತ್ತಲಿನ ಹೊಲಗಳಿಗೆ ಹಾರಿ, ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮರಳುತ್ತವೆ.

ಮಾಗಡಿ ಕೆರೆಯು ಮಳೆನೀರನ್ನು ಹಿಡಿದಿಟ್ಟು ಹೊಲಗಳಿಗೆ ಉಣಿಸಲೆಂದು ಜನರೇ ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಜಲಾಶಯ. ಮುಂದೆ ಅದು ಪಕ್ಷಿ ಸಂರಕ್ಷಣಾ ತಾಣವಾಯಿತು. 2024ರಲ್ಲಿ ಕರ್ನಾಟಕದ್ದೇ ಆದ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರ ಪಕ್ಷಿತಾಣದ ಜೊತೆಗೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೂ ಸೇರಿತು. ಎರೆಭೂಮಿಯ ನಡುವಿನ ಸಾಮಾನ್ಯ ನೀರಾವರಿ ಕೆರೆಯೊಂದಕ್ಕೆ ಈ ಮನ್ನಣೆ ದೊರೆತದ್ದು ನಮ್ಮ ಭಾಗದವರೆಲ್ಲ ಹೆಮ್ಮೆಪಡಬೇಕಾದ ಸಂಗತಿಯೆಂದೇ ನಾನು ಭಾವಿಸುತ್ತೇನೆ.

ಒಡ್ಡಿನ ಮೇಲೆ ನಿಂತು ಕಾಯುತ್ತಿದ್ದಾಗ ಮೊದಲು ಕೇಳಿಸಿದ್ದು ಮೂಗಿನಿಂದ ಹೊರಡಿಸಿದಂಥ ಅವುಗಳ ಕೂಗು. ಬಳಿಕ ಆಕಾಶದಲ್ಲಿ ಓರೆಗೆರೆಗಳಂತೆ ಒಂದು ಗುಂಪು, ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆರೆಯ ಮೇಲೊಂದು ಸುತ್ತು ಹಾಕಿ, ರೆಕ್ಕೆಗಳನ್ನು ಬಿಗಿಹಿಡಿದು, ಕಾಲುಗಳನ್ನು ಮುಂದೆ ಚಾಚಿ ಅವು ನೀರಿಗಿಳಿಯುವ ರೀತಿಯನ್ನು ಎಷ್ಟು ನೋಡಿದರೂ ಸಾಲದು. ದೂರದರ್ಶಕದಲ್ಲಿ ದಡದಂಚಿನ ಒಂದು ಹಕ್ಕಿಯನ್ನು ಬಹಳ ಹೊತ್ತು ನೋಡಿದೆ: ಬೂದುಬಣ್ಣದ ಮೈ, ಬಿಳಿ ತಲೆಯ ಹಿಂಭಾಗದಲ್ಲಿ ಅಡ್ಡಲಾಗಿ ಎರಡು ಕಪ್ಪು ಗೀರು, ಕೊರಳ ಪಕ್ಕದಲ್ಲಿ ಕೆಳಗಿಳಿದ ಬಿಳಿ ಪಟ್ಟಿ, ತುದಿಯಲ್ಲಿ ಕಪ್ಪಾದ ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳಂಥ ಎತ್ತರದ ಪ್ರದೇಶಗಳಲ್ಲಿ ಮರಿ ಮಾಡುವ ಈ ಜಾತಿಯ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಉಪಗ್ರಹದ ನೆರವಿನಿಂದ ನಡೆಸಿದ ಅಧ್ಯಯನದಲ್ಲಿ ಇವು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ.

ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು, ಮೆಟ್ಟುಗಾಲು ಹಕ್ಕಿಗಳೂ ಕಂಡವು. ಆದರೆ ಆ ದಿನ ನಮ್ಮ ಕಣ್ಣು ಹೆಬ್ಬಾತುಗಳನ್ನು ಬಿಟ್ಟು ಅತ್ತಿತ್ತ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಒಡ್ಡಿನ ಆಚೆ ಕಡಲೆ ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರನ್ನು, “ಯಜಮಾನ್ರ, ಇವು ಬೆಳಿ ಹಾಳ ಮಾಡೂದಿಲ್ಲೇನ್ರಿ?” ಎಂದು ಕೇಳಿದೆ. “ಕುಡಿ ತಿಂತಾವ್ರಿ, ಇಲ್ಲ ಅನ್ನಾಕ ಬರೂದಿಲ್ಲ. ಹಿಕ್ಕಿ ಹಾಕಿ ಹೋಗ್ತಾವ, ಅದೂ ಗೊಬ್ಬರಾನ. ಅಷ್ಟ ದೂರದಿಂದ ಬಂದಾವ, ಹೊಡದ ಓಡಸಾಕ ಮನಸ್ಸ ಬರಬೇಕಲ್ರಿ” ಎಂದರು. ಈ ತಾಣ ಉಳಿದಿರುವುದರ ಗುಟ್ಟು ಬಹುಮಟ್ಟಿಗೆ ಇದೇ ಎಂದು ನನಗೆ ತೋರುತ್ತದೆ. ಕೆರೆಗೆ ಬೇಲಿ ಹಾಕಬಹುದು, ಕಾವಲುಗಾರರನ್ನು ನೇಮಿಸಬಹುದು. ಆದರೆ ಹಕ್ಕಿಗಳು ರಾತ್ರಿ ಉಣ್ಣುವುದು ಯಾವ ರಕ್ಷಣೆಯೂ ಇಲ್ಲದ ರೈತರ ಹೊಲಗಳಲ್ಲಿ. ಅಲ್ಲಿ ಅವುಗಳನ್ನು ಸಹಿಸಿಕೊಳ್ಳುವವರಿಗೆ, ನಷ್ಟವಾದಾಗ, ತಡಮಾಡದೆ ಪರಿಹಾರ ಸಿಗುವಂತೆ ನೋಡಿಕೊಳ್ಳುವುದು ಕೆರೆಯ ಹೂಳೆತ್ತುವಷ್ಟೇ ಮುಖ್ಯವಾದ ಕೆಲಸ.

ನಾವಿದ್ದಾಗಲೇ ಯುವಕರಿಬ್ಬರು ಫೋಟೊಕ್ಕಾಗಿ ನೀರಿನಂಚಿಗೆ ಇಳಿದರು. ಕ್ಷಣದಲ್ಲಿ ನೂರಾರು ಹಕ್ಕಿಗಳು ಗಾಬರಿಯಿಂದ ಮೇಲೆದ್ದವು. ವಿಶ್ರಾಂತಿಯ ಹೊತ್ತಿನಲ್ಲಿ ಹೀಗೆ ಎಬ್ಬಿಸಿದರೆ, ಮರುಪ್ರಯಾಣಕ್ಕೆಂದು ಕೂಡಿಟ್ಟ ಕೊಬ್ಬು ವ್ಯರ್ಥವಾಗಿ ಕರಗುತ್ತದೆ. ಒಡ್ಡಿನ ಮೇಲೆಯೇ ನಿಂತು, ಬೈನಾಕ್ಯುಲರ್‌ನಲ್ಲಿ ನೋಡಿದರೆ ಬೇಕಾದಷ್ಟು ಕಾಣುತ್ತದೆ.

ಮಧ್ಯಾಹ್ನ ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯವನ್ನೂ ನೋಡಿಕೊಂಡು ಮರಳಿದೆವು. ಹೋಗಬಯಸುವವರಿಗೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರು ತಗ್ಗಿರುತ್ತದೆಯಾದ್ದರಿಂದ ಹೊರಡುವ ಮುನ್ನ ಆ ಊರಿನವರನ್ನು ವಿಚಾರಿಸಿಕೊಳ್ಳಬೇಕು.