ಸ್ಟಾರ್ಮ್‌ನ ಬುಷ್, ಕಾಮಾಕ್ಷಿಪಾಳ್ಯದ ಲೇತ್

14 ಜೂನ್ 2025, ಶನಿವಾರ ರಾತ್ರಿ

ಕೊನೆಗೂ ನನ್ನ ಕಾರಿನ ಬುಷ್ ಕೈಗೆ ಬಂತು. ಬುಷ್ ಅಂದರೆ ಚಕ್ರವನ್ನು ಹಿಡಿಯುವ ಆರ್ಮ್ ಕಾರಿಗೆ ಸೇರುವ ಕಡೆ ಕೂರುವ ಮೆತ್ತನೆ ಬಳೆ. ಮುಂದಿನ ಚಕ್ರಗಳ ಎರಡು ಲೋವರ್ ಆರ್ಮ್‌ಗೆ, ಅಂದರೆ ಕೆಳಗಿನ ಆರ್ಮ್‌ಗೆ, ಸೇರಿ ನಾಲ್ಕು. ಒಂದೊಂದೂ ಎರಡು ಹೋಳು. ಎಂಟೂ ಹೋಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಜೇನುತುಪ್ಪದ ಬಣ್ಣ. ಉಗುರು ಒತ್ತಿದರೆ ಸಣ್ಣ ಗುರುತು ಬೀಳುತ್ತದೆ, ಬೆರಳು ತೆಗೆದ ಕೂಡಲೇ ಮಾಯ.

ನನ್ನ ಕಾರು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 90ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ ಕಾರು. ಫೈಬರ್ ಗ್ಲಾಸ್ ಬಾಡಿ, ರೆನೋದ 1.2 ಲೀಟರ್ ಎಂಜಿನ್. ಎಂಜಿನ್ ಚಿಕ್ಕದು, ಕಾರೂ ಹಗುರ. ಇದರ ಸುಖ ಎಲ್ಲ ತಿರುವಿನಲ್ಲಿ. ಸ್ಟೀರಿಂಗ್ ಸಡಿಲವಾದರೆ ಇದನ್ನು ಓಡಿಸೋದಕ್ಕೆ ಏನೂ ಉಳಿಯೋಲ್ಲ. ಅದಕ್ಕೇ ಇಷ್ಟು ಹಟ ಹಿಡಿದೆ.

ಹೋದ ತಿಂಗಳು ನೈಸ್ ರೋಡಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯಿತು. ಬ್ರೇಕ್ ಪ್ಯಾಡ್ ಇರಬೇಕು ಅಂದುಕೊಂಡೆ. ಅಲ್ಲ. ಮೆಕ್ಯಾನಿಕ್ ಹುಡುಗ ಆರ್ಮ್ ಬಿಚ್ಚಿ ತಂದು ಕೈಗೆ ಕೊಟ್ಟ. ‘ಅಣ್ಣ, ಇಲ್ಲಿ ತಳ್ಳಿ ನೋಡಿ.’ ಬೆರಳಲ್ಲಿ ತಳ್ಳಿದರೆ ಬುಷ್ ಒಳಗಿನ, ಬೋಲ್ಟ್ ಹೋಗುವ ಉಕ್ಕಿನ ಕೊಳವೆ ಅತ್ತಿತ್ತ ಹೋಗುತ್ತಿತ್ತು. ರಬ್ಬರ್ ಸುತ್ತಲೂ ಹರಿದು ಒಂದು ಮೂಲೆಯಲ್ಲಿ ಮಾತ್ರ ಅಂಟಿಕೊಂಡಿತ್ತು. ಬ್ರೇಕ್ ಹಾಕಿದಾಗ ಚಕ್ರ ಆರ್ಮನ್ನು ಹಿಂದಕ್ಕೆ ದೂಡುತ್ತದೆ. ಬುಷ್ ತಡೆಯದಿದ್ದರೆ ಆ ಚಕ್ರದ ಮುಖವೇ ತಿರುಗುತ್ತದೆ. ಎಳೆತ ಬಂದದ್ದು ಅಲ್ಲಿಂದ.

ಈ ಕಾರು ಈಗ ತಯಾರಾಗುತ್ತಿಲ್ಲ. ಸ್ಯಾಂಪಲ್ ಹಿಡಿದು ಜೆ.ಸಿ. ರೋಡಿನ ಅಂಗಡಿ ಅಂಗಡಿ ಸುತ್ತಿದೆ. ‘ಯಾವ ಗಾಡೀದು ಸಾರ್?’ ಅಂತ ಎಲ್ಲರೂ ಆಸೆಯಿಂದ ತಿರುಗಿಸಿ ನೋಡಿದರು. ಬೇರೆ ಕಾರುಗಳ ಬುಷ್ ಎಷ್ಟೋ ತೆಗೆದು ತೋರಿಸಿದರು. ಹೊರ ಅಳತೆ ಸರಿ ಇದ್ದರೆ ಉದ್ದ ಸಾಲದು, ಉದ್ದ ಸರಿ ಇದ್ದರೆ ಬೋಲ್ಟ್ ಹೋಗದು. ಪೀಣ್ಯದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವವರೊಬ್ಬರು ಡೈ ಮಾಡಿಕೊಡಲು ಸಿದ್ಧ ಇದ್ದರು. ಆದರೆ ಕನಿಷ್ಠ ನೂರು ಪೀಸ್ ತಗೋಬೇಕು. ನೂರು ಬುಷ್ ಇಟ್ಟುಕೊಂಡು ಏನು ಮಾಡಲಿ?

ಹಾಗಾಗಿ ರಬ್ಬರಿನ ಹಾಗೇ ಇರುವ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ರಾಡ್ ತಂದು ಲೇತಲ್ಲಿ ಕಡೆಸುವುದು ಅಂತಾಯಿತು. ಹೇಗೂ ಹೊಸದು ಮಾಡಿಸುವಾಗ ಸ್ವಲ್ಪ ಗಟ್ಟಿಯಾದದ್ದೇ ಇರಲಿ ಅನ್ನೋದು ಮೊದಲಿನಿಂದ ಮನಸ್ಸಿನಲ್ಲಿತ್ತು. ರಬ್ಬರಿನ ಗಟ್ಟಿತನಕ್ಕೆ ಶೋರ್ ಎ ಅಂತ ಒಂದು ಅಳತೆ ಇದೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಮಾಮೂಲಿ ಬುಷ್ ರಬ್ಬರ್ ಅದರಲ್ಲಿ ಸುಮಾರು 55ರಿಂದ 70 ಇರುತ್ತದೆ. ನಾನು ತಂದದ್ದು 85. ಅಂಗಡಿಯವರು 95ರದ್ದೂ ತೋರಿಸಿದರು. ಬೇಡ ಅಂದೆ. ಮಾಗಡಿ ರೋಡಿನ ಗುಂಡಿಗಳ ಏಟು ಪೂರ್ತಿ ಫೈಬರ್ ಬಾಡಿಗೆ ಹೋಗಬಾರದು.

ಪಾಲಿಯುರೆಥೇನಲ್ಲಿ ಎರಡು ಜಾತಿ. ರಾಡ್ ಕೊಳ್ಳುವ ಮುಂಚೆ ಪಾಲಿಈಥರ್ರೋ ಪಾಲಿಎಸ್ಟರ್ರೋ ಅಂತ ಕೇಳಿದೆ. ಪಾಲಿಎಸ್ಟರ್ ಜಾತಿಯದು ಎಣ್ಣೆಗೆ, ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ. ಆದರೆ ನೀರು, ಬಿಸಿ ಎರಡೂ ಸೇರಿದರೆ ವರ್ಷ ಕಳೆದಂತೆ ಪುಡಿಯಾಗುತ್ತದೆ. ಮಳೆ ನೀರಲ್ಲಿ ಓಡಾಡುವ ಕಾರಿಗೆ ಪಾಲಿಈಥರೇ ಸರಿ.

ಗೆಳೆಯನೊಬ್ಬ ಡೆಲ್ರಿನ್ ಹಾಕಿಸು ಅಂತ ತುಂಬಾ ಒತ್ತಾಯ ಮಾಡಿದ. ಅದು ಪ್ಲಾಸ್ಟಿಕ್, ಕಲ್ಲಿನ ಹಾಗೆ. ಒಂದೇ ಅಕ್ಷದ ಮೇಲೆ ತಿರುಗುವ ಕಡೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಆರ್ಮ್ ಸ್ವಲ್ಪ ಸೊಟ್ಟ ತಿರುಚಿದರೂ ಆಡಲು ಬಿಡದೆ ಕಚ್ಚಿಕೊಳ್ಳುತ್ತದೆ. ಆಗ ಒತ್ತಡ ಆರ್ಮ್ ಬೋಲ್ಟ್ ಆಗಿರುವ ಬ್ರಾಕೆಟ್ ಮೇಲೆ ಬೀಳುತ್ತದೆ. ರೇಸ್ ಕಾರಿಗೆ ಸರಿ, ದಿನಾ ರಸ್ತೆಗೆ ಇಳಿಯುವ ಕಾರಿಗೆ ಅಲ್ಲ.

ಕಾಮಾಕ್ಷಿಪಾಳ್ಯದ ಲೇತ್ ಯಜಮಾನರ ಬಗ್ಗೆ ಬರೆಯದೆ ಮಲಗೋಕಾಗಲ್ಲ. ಒಂದೇ ಷಟರಿನ ಅಂಗಡಿ. ಹೆಚ್ಚಾಗಿ ಉಕ್ಕಿನ ಕೆಲಸ. ರಾಡನ್ನು ಹಿಂಡಿ ನೋಡಿ, ‘ಇದು ಟೂಲ್ ತಾಗಿದ್ರೆ ಹಿಂದಕ್ಕೆ ಜರುಗುತ್ತೆ ಸಾರ್, ನಾಳೆ ಬನ್ನಿ’ ಅಂದರು. ರಾತ್ರಿ ಪಕ್ಕದ ಬೇಕರಿಯ ಫ್ರೀಜರಲ್ಲಿ ಇಡಿಸಿದ್ದರು. ಗಟ್ಟಿಯಾದ ರಾಡನ್ನು ಲೇತಿನ ತಿರುಗುವ ಹಿಡಿ, ಚಕ್‌ಗೆ ಕಟ್ಟಿ, ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಟೂಲ್ ತಾಗಿಸಿದರು. ಒತ್ತು ಶ್ಯಾವಿಗೆ ಹಾಗೆ ಉದ್ದುದ್ದ ಎಳೆ ಬಂತು. ಅದು ಚಕ್‌ಗೆ ಸುತ್ತಿಕೊಳ್ಳದ ಹಾಗೆ ಆಗಾಗ ಮಿಷನ್ ನಿಲ್ಲಿಸಿ ಬಿಡಿಸುತ್ತಿದ್ದರು.

ಮೊದಲ ಪೀಸ್ ಹಾಳಾಯಿತು. ಡ್ರಿಲ್ ಹೊರಗೆ ಬಂದ ಮೇಲೆ ತೂತು ಮತ್ತೆ ಬಿಗಿದುಕೊಂಡು ಚಿಕ್ಕದಾಗಿತ್ತು. ಉಕ್ಕಿನ ಕೊಳವೆ ಒಳಗೆ ಸಿಕ್ಕಿಹಾಕಿಕೊಂಡಿತು. ರಬ್ಬರ್ ಬುಷ್‌ನಲ್ಲಿ ಕೊಳವೆಗೆ ರಬ್ಬರ್ ಅಂಟಿರುತ್ತದೆ, ಆರ್ಮ್ ಆಡಿದಾಗ ರಬ್ಬರೇ ತಿರುಚುತ್ತದೆ. ಇದರಲ್ಲಿ ಅಂಟು ಇಲ್ಲ. ಕೊಳವೆ ಒಳಗೆ ಸಲೀಸಾಗಿ ತಿರುಗಲೇಬೇಕು. ಯಜಮಾನರು ಏನೂ ಮಾತಾಡದೆ ಇನ್ನೊಂದು ತುಂಡು ಕಟ್ಟಿದರು. ಈ ಸಲ ಸ್ವಲ್ಪ ಸ್ವಲ್ಪವೇ ಬೋರಿಂಗ್ ಮಾಡಿ, ಪ್ರತಿ ಸಲ ಕೊಳವೆ ಹಾಕಿ ಬೆರಳಲ್ಲಿ ತಿರುಗಿಸಿ ನೋಡಿದರು. ಆ ಬೆರಳು ಎಷ್ಟು ಹಗುರ!

ಇನ್ನೆರಡು ಮಾತು ಅವರಿಗೆ ಮೊದಲೇ ಹೇಳಿದ್ದೆ. ಒಂದು, ಪ್ರತಿ ಹೋಳಿನ ಅಂಚಿಗೂ ಅಗಲದ ಕಾಲರ್ ಬೇಕು. ಅಂಟಿಲ್ಲದ ಬುಷ್‌ನಲ್ಲಿ ಆರ್ಮ್ ಹಿಂದೆ ಮುಂದೆ ಜಾರದ ಹಾಗೆ ತಡೆಯೋದು ಅದೇ. ಇನ್ನೊಂದು, ಕೊಳವೆ ಬುಷ್‌ಗಿಂತ ಕೂದಲೆಳೆಯಷ್ಟು ಉದ್ದ ಇರಬೇಕು. ಬೋಲ್ಟ್ ಬಿಗಿದಾಗ ಬ್ರಾಕೆಟ್ ಹಿಡಿಯಬೇಕಾದದ್ದು ಕೊಳವೆಯನ್ನು, ಬುಷ್‌ನ್ನಲ್ಲ. ಎರಡೂ ಬರೋಬ್ಬರಿ ಮಾಡಿಕೊಟ್ಟಿದ್ದಾರೆ.

ಸಿಲಿಕೋನ್ ಗ್ರೀಸ್ ಇದೆ. ನಾಳೆ ಬೆಳಗ್ಗೆ ಹುಡುಗ ಮನೆಗೇ ಬರುತ್ತಾನೆ.

15 ಜೂನ್, ಭಾನುವಾರ

ಹಾಕಿ ಆಯಿತು. ಹೋಳುಗಳು ಕೈಯಲ್ಲೇ ಒತ್ತಿದರೆ ಕೂತವು, ಪ್ರೆಸ್ ಬೇಕಾಗಲಿಲ್ಲ. ಹಿಂದಿನ ಚಕ್ರಗಳ ಕಡೆಯ ಬುಷ್‌ಗಳ ರಬ್ಬರ್ ಇನ್ನೂ ಚೆನ್ನಾಗಿದೆ, ಮುಟ್ಟಲಿಲ್ಲ. ರಬ್ಬರ್ ಬುಷ್ ಆಗಿದ್ದರೆ ಕಾರು ನೆಲಕ್ಕೆ ಇಳಿದು ಭಾರ ಬಿದ್ದ ಮೇಲೇ ಕೊನೇ ಬಿಗಿತ ಕೊಡಬೇಕು, ಇಲ್ಲದಿದ್ದರೆ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದಕ್ಕೆ ಆ ಚಿಂತೆ ಇಲ್ಲ. ಆದರೂ ಹುಡುಗ ಅಭ್ಯಾಸದ ಮೇಲೆ ಹಾಗೇ ಮಾಡಿದ. ನನಗೆ ಖುಷಿಯಾಯಿತು.

ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಗಡಿ ರೋಡ್ ಕಡೆಯಿಂದ ನೈಸ್ ರೋಡ್ ಹತ್ತಿದೆ. ಅದೇ ಜಾಗ, ಅಷ್ಟೇ ಜೋರು ಬ್ರೇಕ್. ನೇರ ನಿಂತಿತು. ತಿರುವಿನಲ್ಲಿ ಸ್ಟೀರಿಂಗ್ ಆಡಿಸಿದ ಕೂಡಲೇ ಮೂತಿ ಹೋಗುತ್ತದೆ, ಮೊದಲಿನ ಆ ಅರೆಕ್ಷಣದ ತಡ ಇಲ್ಲ. ರಸ್ತೆಯ ಜಾಯಿಂಟ್‌ಗಳ ಟಕ್ ಟಕ್ ಮೊದಲಿಗಿಂತ ಜಾಸ್ತಿ ಕೇಳಿಸುತ್ತದೆ, ನಿಜ. ಅಪ್ಪನ ಸೊಂಟಕ್ಕೆ ತೊಂದರೆ ಆಯಿತೇನೋ ಅಂತ ಕೇಳಿದೆ. ‘ನನ್ನ ಸೊಂಟ ಇರಲಿ, ಇನ್ನೊಂದು ಸುತ್ತು ಹೋಗೋಣ್ವಾ?’ ಅಂದರು.

ಹೋದೆವು. ಮಂಗಳವಾರ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಯಜಮಾನರಿಗೆ ಕಾರು ತೋರಿಸಿ ಬರಬೇಕು, ತಾವು ಕಡೆದದ್ದು ಎಲ್ಲಿ ಕೂತಿದೆ ಅಂತ ನೋಡಬೇಕಂತೆ.